ಮಾತು ಅಸ್ಪಷ್ಟ, ಕೈಸನ್ನೆ ನಿರಾಕರಣೆ

ಸರಸು ಚಿಕ್ಕಿಗೆ ಯಂತ್ರದ ಜತೆ ಮಾತಾಡಲು ಬರಲಿಲ್ಲ, ಅದಕ್ಕೇ ಅವಳ ಕಣ್ಣಿನ ಆಪರೇಷನ್ನಿನ ದಿನ ತಪ್ಪಿಹೋಯಿತು ಎಂಬುದು ಉಪ್ಪುಂದದ ನಮ್ಮ ಓಣಿಯಲ್ಲಿ ಈಗ ಸರ್ವಸಮ್ಮತ ಇತಿಹಾಸ. ಸರ್ವಸಮ್ಮತವಾದದ್ದನ್ನು ಕಂಡರೆ ನನಗೆ ಮೊದಲಿನಿಂದಲೂ ಮೈತುರಿಕೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ವಿರೋಧವಾಗಿಯೇ ಮಾತಾಡಿ ಗಳಿಸಿದ ಸಮಾಧಾನಕರ ಬಹುಮಾನಗಳು ನನಗಿನ್ನೂ ಸಮಾಧಾನ ತಂದಿಲ್ಲ. ಮಾತು ಬಾರದವಳು ಮೂವತ್ತು ವರ್ಷ ಬುಟ್ಟಿ ಹೊತ್ತು ಮೀನು ಮಾರಿಯಾಳೇ, ನೀವೇ ಹೇಳಿ.

ಪೊರೆ ಬಂದ ಕಣ್ಣಿಗೆ ತಾಜಾ ಮೀನಿನ ಕಿವಿರಿನ ಕೆಂಪು ಕಾಣದಾಗಿ, ಈಚೆಗೆ ಗಿರಾಕಿಗಳೇ ಅವಳಿಗೆ ಹಳಸಿದ ಬಂಗುಡೆಯನ್ನು ಹೆಕ್ಕಿ ತೋರಿಸುತ್ತಿದ್ದರು. ಬೋಟುಗಳು ದಡ ಹತ್ತಿದ ಮಳೆಗಾಲದಲ್ಲೇ ಆಪರೇಷನ್ ಮುಗಿಯಬೇಕು. ಅವು ಕಡಲಿಗಿಳಿದರೆ, ಆಪರೇಷನ್ ಆದ ಕಣ್ಣಿಗೆ ಉಪ್ಪುನೀರು ಸಿಡಿಯುತ್ತದೆಂದು ಬುಟ್ಟಿ ಬಿಟ್ಟು ಅವಳು ಮನೆಯಲ್ಲಿ ಕೂರುವಂತಿಲ್ಲ.

ದಿನ ಖಚಿತಪಡಿಸಲು ಬ್ರಹ್ಮಾವರದ ಆಸ್ಪತ್ರೆಯೊಂದಕ್ಕೆ ಹೋದೆವು. ಬಾಗಿಲಲ್ಲೇ ಆಳೆತ್ತರದ ಪರದೆ. ಅದರೊಳಗೆ ಕೈಮುಗಿದು ನಗುವ ರೇಷ್ಮೆಸೀರೆಯ ಮಾಯಾಂಗನೆ. ಮಾತನ್ನೂ ಕೈಸನ್ನೆಯನ್ನೂ ಒಟ್ಟಿಗೇ ಗ್ರಹಿಸಿ ಥೇಟ್ ಮನುಷ್ಯರಂತೆ ಸ್ಪಂದಿಸುವಳೆಂದು ಪಕ್ಕದಲ್ಲೊಂದು ಫಲಕ. ಮನುಷ್ಯರಂತೆ ಸ್ಪಂದಿಸಲು ಮನುಷ್ಯರನ್ನೇ ಕೂರಿಸಿದರಾಗದೇ ಎಂಬ ಕ್ಷುದ್ರ ಪ್ರಶ್ನೆ ಪ್ರಗತಿಪರರಿಗೆ ಹೊಳೆಯುವುದಿಲ್ಲ.

“ಈ ಹೆಣ್ಣ್ ನೆಗಾಡೂದ್ ನಿಲ್ಸುದೇ ಇಲ್ಯಲೆ, ದವಡಿ ನೋಯ್ತಿಲ್ಯಾ?” ಎಂದಳು ಚಿಕ್ಕಿ.

“ನಿಗದಿತ ದಿನಾಂಕದಂದು ತಾವು ಆಗಮಿಸುವಿರೋ, ರದ್ದುಗೊಳಿಸಲೋ?” ಎಂದಳು ಮಾಯಾಂಗನೆ.

“ಬತ್ತೆ, ಬತ್ತೆ. ನೀ ಎಂತಕ್ ತಲೆಬಿಸಿ ಮಾಡ್ಕಂತೆ?” ಎನ್ನುತ್ತ ಚಿಕ್ಕಿ ನೊಣ ಅಟ್ಟುವಂತೆ ಕೈ ಬೀಸಿದಳು. ಚಿಂತೆ ಬೇಡವೆಂದು ಧೈರ್ಯ ಹೇಳುವಾಗ ನಮ್ಮ ಹೆಂಗಸರು ಬೀಸುವ ಕೈ ಅದು. ಪರದೆಯವಳು ಮತ್ತೆ ಕೈಮುಗಿದಳು. ಪಕ್ಕದಲ್ಲಿದ್ದ ವಾಗ್ಮಿಯಾದ ನಾನೋ, ಫಲಕದ ಕಾಗುಣಿತ ತಿದ್ದುವುದರಲ್ಲಿ ಮಗ್ನ.

ಬತ್ತೆ ಎಂದರೆ ಬರುತ್ತೇನೆ, ಅಷ್ಟೇ. ಆದರೆ ಬೈಂದೂರಿನಿಂದ ಬ್ರಹ್ಮಾವರದ ತನಕ ಮನೆಯಿಂದ ಹೊರಡುವವರು ಹೇಳುವುದೂ ಇದನ್ನೇ. ಹೊಸಿಲಲ್ಲಿ ನಿಂತು ‘ಹೋಗುತ್ತೇನೆ’ ಎಂದರೆ ಅಪಶಕುನ. ಅಂಗಳ ದಾಟುವ ಮೊದಲೇ ಮರಳುವ ಭರವಸೆಯನ್ನು ಎರಡಕ್ಷರದಲ್ಲಿ ಒತ್ತೆಯಿಟ್ಟು ಹೋಗುವ ಜನ ನಾವು. ಇಷ್ಟು ಖಾತ್ರಿಯ ಮಾತು ಯಾವ ವ್ಯಾಕರಣದಲ್ಲಿದೆ?

ಆಪರೇಷನ್ನಿನ ದಿನ ಸ್ನಾನ ಮುಗಿಸಿ, ಬಳೆ ತೆಗೆದಿಟ್ಟು, ಮೊದಲ ಬಸ್ಸಿಗೇ ಹೋದರೆ ಪಟ್ಟಿಯಲ್ಲಿ ಚಿಕ್ಕಿಯ ಹೆಸರಿಲ್ಲ. ಕೌಂಟರಿನ ಯುವತಿ ಕಂಪ್ಯೂಟರ್ ನೋಡಿ ಓದಿದಳು: “ಮಾತು ಅಸ್ಪಷ್ಟ. ಕೈಸನ್ನೆ ನಿರಾಕರಣೆ. ರದ್ದು.” ಖಾಲಿಯಾದ ಜಾಗ ಆಗಲೇ ಬೇರೊಬ್ಬರ ಪಾಲಾಗಿತ್ತು. ಮುಂದಿನ ದಿನ ಸಿಗುವುದು ಬೋಟುಗಳು ಕಡಲಿಗಿಳಿದ ಮೇಲೆ.

ಇಬ್ಬರು ಸಾಕ್ಷಿಗಳಲ್ಲಿ ಒಬ್ಬನ ಭಾಷೆ ತಿಳಿಯದಿದ್ದರೆ ನ್ಯಾಯಾಧೀಶ ದುಭಾಷಿಯನ್ನು ಕರೆಸುತ್ತಾನೆ, ಮೂಕನೆಂದು ಬರೆದುಕೊಳ್ಳುವುದಿಲ್ಲ. ಚಿಕ್ಕಿಯ ‘ಬತ್ತೆ’ಯನ್ನು ಮುಂದಿಟ್ಟು ಹೀಗೆ ನಾನು ಐದು ನಿಮಿಷ ನಿರರ್ಗಳವಾಗಿ ವಾದಿಸಿದೆ. ಪ್ರಯೋಜನ, ಎಂದಿನಂತೆ, ಸಮಾಧಾನಕರ ಬಹುಮಾನದಷ್ಟೂ ಇರಲಿಲ್ಲ.

“ಅವರು ‘ಬರುತ್ತೇನೆ’ ಅಂತ ಸ್ಪಷ್ಟವಾಗಿ ಹೇಳಬೇಕಿತ್ತು ಸರ್. ‘ಬತ್ತೆ’ ಅಂದರೆ ಯಾರಿಗೆ ಅರ್ಥ ಆಗುತ್ತದೆ?” ಎಂದಳು ಯುವತಿ, ಪಠ್ಯಪುಸ್ತಕದ ಕನ್ನಡದಲ್ಲಿ.

ಚಿಕ್ಕಿ ನನ್ನನ್ನು ಬದಿಗೆ ಸರಿಸಿ, ಕೌಂಟರಿನ ಮೇಲೆ ಮೊಣಕೈ ಊರಿ, ಮಂಜುಗಣ್ಣನ್ನು ಆಕೆಯ ಮುಖದ ಹತ್ತಿರಕ್ಕೆ ತಂದಳು.

“ನಿಂಗ್ ಯಾವ್ ಊರ್ ಮಗಾ?”

“ವಂಡ್ಸೆ.”

“ವಂಡ್ಸೆಯಾ? ನಮ್ ಬದಿಯವ್ಳೇ ಅಲ್ದಾ! ಹಂಗಾರೆ ಬೆಳಿಗ್ಗೆ ಮನಿಂದ ಹೊರ್ಡುವಾಗ ಅಮ್ಮನ ಹತ್ರ ಎಂತ ಹೇಳಿ ಬಂದೆ ನೀನ್?”