ನಿಂಬೆ ಹಿಂಡಿದ ಕಣ್ಣು

ನಾನು ಬಂಗಾರಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ತರಗತಿಯ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠ ನನಗೆ ಬಾಯಿಪಾಠ. ಆದರೂ ಪ್ರತಿ ವರ್ಷ ಅದರ ಸರದಿ ಬಂದಾಗ ಏನೋ ಒಂದು ನೆಪ ಹೇಳಿ ನಾಲ್ಕು ದಿನ ಮುಂದಕ್ಕೆ ತಳ್ಳುತ್ತೇನೆ. ಜೊತೆಯ ಮೇಷ್ಟ್ರುಗಳು ನನ್ನನ್ನು ಸೋಮಾರಿ ಅಂದುಕೊಂಡಿದ್ದಾರೆ. ಅಂದುಕೊಳ್ಳಲಿ.

ನಮ್ಮ ಊರು ಚಿನ್ನದ ಗಣಿಯ ಮೈಸೂರು ಮೈನ್ಸ್‌ನಿಂದ ಆಚೆಗೆ. ಅಪ್ಪ ಗಾರೆ ಕೆಲಸದವನು, ಅಮ್ಮ ಕೂಲಿಗೆ ಹೋಗುತ್ತಿದ್ದಳು. ನಾನು ಹತ್ತನೇ ತರಗತಿಯಲ್ಲಿದ್ದಾಗ ನಮ್ಮ ಸ್ಕೂಲಿನ ಪ್ರಯೋಗದ ಕಪಾಟಿನಲ್ಲಿ ಒಡೆದ ಗಾಜು ಬಿಟ್ಟರೆ ಏನೂ ಇರಲಿಲ್ಲ. ವಿಜ್ಞಾನದ ಮೇಷ್ಟ್ರು ಮನೆಯಿಂದಲೇ ಅರಿಶಿನ, ಸುಣ್ಣ, ನಿಂಬೆಹಣ್ಣು ತಂದರು. ಮದುವೆ ಹೆಣ್ಣಿಗೆ ಎತ್ತುವ ಆರತಿ ನೀರು ಎಲ್ಲರಿಗೂ ಗೊತ್ತಲ್ಲ, ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪಗಾಗುತ್ತದೆ. ಅದನ್ನೇ ಒಂದು ಗಾಜಿನ ಲೋಟದಲ್ಲಿ ಮಾಡಿ ತೋರಿಸಿದರು. ಆಮೇಲೆ ನಿಂಬೆ ಹಿಂಡಿದರು. ಕೆಂಪು ಮಾಯವಾಗಿ ಮತ್ತೆ ಹಳದಿ ಬಂತು. "ಸುಣ್ಣ ಪ್ರತ್ಯಾಮ್ಲ, ನಿಂಬೆ ಆಮ್ಲ. ಎರಡೂ ಸೇರಿದ್ರೆ ಲವಣ, ನೀರು. ಸುಣ್ಣದ ಸೊಕ್ಕು ಅಡಗಿತು ನೋಡ್ರಿ" ಅಂದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅವತ್ತಿನಿಂದ ನಾನು ಬಲು ಬುದ್ಧಿವಂತೆ ಅಂತ ನನಗೆ ನಾನೇ ಬೀಗುತ್ತಿದ್ದೆ.

ದಸರೆಗೆ ಮನೆಗೆ ಸುಣ್ಣ ಹೊಡೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಹಿಂದಿನ ದಿನ ನೆನೆಹಾಕಿದ ಸುಣ್ಣವನ್ನು ಅಮ್ಮ ಬಕೆಟ್ಟಿನಲ್ಲಿ ಕದಡಿಕೊಂಡು ಸೂರಿನ ಕೆಳಗೆ ಬಳಿಯುತ್ತಿದ್ದಳು. ಕರಗದೆ ಉಳಿದಿದ್ದ ಒಂದು ಗಂಟು ಕುಂಚದಿಂದ ಸಿಡಿದು ನೇರವಾಗಿ ಅವಳ ಬಲಗಣ್ಣಿಗೆ ಬಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡು ಅಲ್ಲೇ ಕುಸಿದು ಕೂತು ಕಿರುಚಿಕೊಂಡಳು. "ನೀರ್ ಆಕಮ್ಮಿ! ಬೇಗ ನೀರ್ ಆಕು!"

ಎರಡು ಬಿಂದಿಗೆ ನೀರು ಅಲ್ಲೇ ಜಗಲಿಯ ಮೇಲಿತ್ತು. ನಾನು ಅದನ್ನು ಮುಟ್ಟಲಿಲ್ಲ. ಒಳಗೆ ಓಡಿ ನಿಂಬೆಹಣ್ಣು ಕೊಯ್ದುಕೊಂಡು ಬಂದೆ. "ನೀರು ಬ್ಯಾಡಮ್ಮ. ಸುಣ್ಣಕ್ಕೆ ನಿಂಬೆ ಆಕ್ಬೇಕು, ಸ್ಕೂಲಲ್ಲಿ ಏಳ್ಕೊಟ್ಟವ್ರೆ" ಅಂದೆ. ಅಮ್ಮ ತಲೆ ಎತ್ತಿ, ತನ್ನ ಬೆರಳುಗಳಿಂದಲೇ ರೆಪ್ಪೆ ಬಿಡಿಸಿ ಹಿಡಿದುಕೊಂಡಳು. ನಾನು ಹಿಂಡಿದೆ. ಅವಳು ಕೂಗಿದ ಕೂಗಿಗೆ ಬೀದಿಯವರೆಲ್ಲ ಬಂದರು. ಅವರು ಬಿಂದಿಗೆ ಎತ್ತುವಷ್ಟರಲ್ಲಿ ಹೊತ್ತು ಮೀರಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಸಿಡಿಮಿಡಿಗೊಂಡು, "ನಿಂಬೆ ಹಾಕಿದ್ದು ಯಾರು?" ಅಂತ ಕೇಳಿದರು. ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದ ಅಪ್ಪ ಪಕ್ಕದಲ್ಲಿದ್ದ. ನಾನು ಅವನ ಬೆನ್ನ ಹಿಂದೆ ಸರಿದೆ.

"ನಾನೇ ಆಕ್ಕೊಂಡೆ ಸಾ" ಅಂದಳು ಅಮ್ಮ.

ಅಪ್ಪ ಅಲ್ಲೇ ರೇಗಿದ. "ಗಾರೆ ಕೆಲಸದೋನ ಎಂಡ್ತಿ ಆಗಿ ಸುಣ್ಣ ಬಿದ್ರೆ ನೀರ್ ಉಯ್ಕೋಬೇಕು ಅಂತ ಗೊತ್ತಿಲ್ವೇನೇ? ಬುದ್ಧಿ ಎಲ್ಲಿಟ್ಟಿದ್ದೆ?"

ಮನೆಗೆ ಬಂದ ಮೇಲೆ, ಅಪ್ಪನಿಗೆ ನಿಜ ಹೇಳಿಬಿಡುತ್ತೇನೆ ಅಂತ ಅತ್ತೆ. ಅಮ್ಮ ನನ್ನ ಬಾಯಿ ಮುಚ್ಚಿದಳು. "ಎಣ್ಮಗೀಗೆ ಓದ್ಯಾಕೆ ಅಂತ ಮೊದ್ಲೇ ಅಂತಾ ಅವ್ರೆ. ಸ್ಕೂಲಲ್ಲಿ ಕಲ್ತಿದ್ದು ಇದು ಅಂತ ಗೊತ್ತಾದ್ರೆ ನಾಳೆಯಿಂದ ಕಳ್ಸಲ್ಲ. ಕಣ್ಣಂತೂ ಓಯ್ತು, ಓದೂ ಓಗ್ಬೇಕಾ?"

ಪರೀಕ್ಷೆಯಲ್ಲಿ ತಟಸ್ಥೀಕರಣದ ಪ್ರಶ್ನೆಯೇ ಬಂತು. ಒಂದು ಅಕ್ಷರ ತಪ್ಪದೆ ಬರೆದೆ. ಆ ಅಂಕಗಳ ಮೇಲೆ ನನಗೆ ಇವತ್ತಿಗೂ ಅಸಹ್ಯ.

ಕಾಲೇಜಿನಲ್ಲಿ ಪಿಎಚ್ ಮಾನದ ಲೆಕ್ಕ ಸರಿಯಾಗಿ ಅರ್ಥವಾಯಿತು. ಸುಣ್ಣದ ನೀರು ಹನ್ನೆರಡರ ಮೇಲೆ, ನಿಂಬೆ ಎರಡರ ಹತ್ತಿರ, ಕಣ್ಣೀರು ಏಳರ ಆಸುಪಾಸು. ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ಅಂತರ. ಲೋಟದಲ್ಲಾದರೆ ಹನಿ ಎಣಿಸಿ ಸರಿದೂಗಿಸಬಹುದು. ಕಣ್ಣು ಲೋಟವಲ್ಲ. ಸುಣ್ಣದ ಗಂಟು ರೆಪ್ಪೆಯ ಒಳಗೆ ಅಂಟಿ ಸುಡುತ್ತಲೇ ಇರುತ್ತದೆ, ಮೇಲಿಂದ ಹುಳಿಯೂ ಸುಡುತ್ತದೆ, ಎರಡೂ ಸೇರಿದಾಗ ಬಿಸಿಯೂ ಹುಟ್ಟುತ್ತದೆ. ಬೇಕಾದದ್ದು ಬರೀ ನೀರು, ತಕ್ಷಣ, ಧಾರಾಳವಾಗಿ. ಓದು ಬಾರದ ಅಮ್ಮ ಮೊದಲು ಕೇಳಿದ್ದೂ ಅದನ್ನೇ.

ಈಗ ತರಗತಿಯಲ್ಲಿ ಈ ಪಾಠ ಮುಗಿಸುವ ಮೊದಲು, ಕಣ್ಣಿಗೆ ಏನೇ ಬಿದ್ದರೂ ನೀರು ಹಾಕಿ, ಆಮ್ಲ ಪ್ರತ್ಯಾಮ್ಲದ ಆಟ ಆಡಬೇಡಿ ಅಂತ ಮೂರು ಸಲ ಹೇಳಿಸುತ್ತೇನೆ. ಹೋದ ವರ್ಷ ಒಬ್ಬ ಹುಡುಗಿ, "ಯಾರಾದ್ರೂ ಅಂಗೆ ನಿಂಬೆ ಆಕ್ಕೊಂತಾರಾ ಮಿಸ್?" ಅಂತ ನಕ್ಕಳು. "ನಮ್ಮಮ್ಮ ಹಾಕಿಕೊಂಡಿದ್ದಳು" ಅಂದುಬಿಟ್ಟೆ. ಅಮ್ಮ ಹೇಳಿದ ಸುಳ್ಳು ನನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂತು. ಮಕ್ಕಳು ಪಾಪ ಅಂದರು. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು.

ಅಪ್ಪ ಅಷ್ಟೂ ವರ್ಷ ನೆಂಟರ ಮುಂದೆ ಆ ಕಥೆ ಹೇಳಿ ನಗಿಸುತ್ತಿದ್ದ. ಅಮ್ಮನೂ ನಗುತ್ತಿದ್ದಳು. ನನಗೆ ಕೆಲಸ ಸಿಕ್ಕ ಮೇಲಾದರೂ ಹೇಳಬಹುದಿತ್ತು, ಓದು ಬಿಡಿಸುವ ಭಯ ಇನ್ನೆಲ್ಲಿತ್ತು? ಹೇಳಲಿಲ್ಲ. ಮಗಳು ಟೀಚರ್ ಅಂತ ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ, ಆ ಹೆಮ್ಮೆ ನನಗೆ ರುಚಿಸಿತ್ತು.

ಈ ವರ್ಷ ಅಪ್ಪ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, "ನಿಮ್ಮಮ್ಮಂಗೆ ಬುದ್ಧಿ ಸಾಲ್ದು ಕಣಮ್ಮ. ಇರೋ ಒಂದ್ ಕಣ್ಣೂ ಕಳ್ಕೊಂಡಾಳು. ನೀನು ಓದ್ದೋಳು, ನೀನೇ ನೋಡ್ಕೋಬೇಕು" ಅಂದ. ಅಮ್ಮ ಗಂಜಿ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಆಯ್ತಪ್ಪ" ಅಂದೆ.

ಮೂರನೇ ದಿನ ಅಪ್ಪ ಹೋದ. ಅವನ ಪಾಲಿಗೆ ಅಮ್ಮ ಕೊನೆಯವರೆಗೂ ದಡ್ಡಿ, ನಾನು ಜಾಣೆ.