ನೋಯಿಸದ ಕೈ

ಅವನನ್ನು ಹೆಸರು ಹಿಡಿದು ಕರೆದವರು ಕಡಿಮೆ. ಲ್ಯಾಬಿನಲ್ಲಿ, ಬೀದಿಯಲ್ಲಿ, ಮನೆಯಲ್ಲಿ, ಎಲ್ಲರಿಗೂ ಅವನು ಹೂಗೈ. ರಕ್ತ ತೆಗೆಯುವುದು ಅವನ ಕೆಲಸ. ಸೂಜಿ ಒಳಗೆ ಹೋಗಿದ್ದೂ ಹೊರಗೆ ಬಂದಿದ್ದೂ ಗೊತ್ತಾಗುತ್ತಿರಲಿಲ್ಲ, ಬೆಣ್ಣೆಯೊಳಗಿಂದ ಕೂದಲು ತೆಗೆದ ಹಾಗೆ. ಸೂಜಿ ಕಂಡರೆ ಸೂರು ಹಾರಿಹೋಗುವಂತೆ ಕಿರುಚುವ ಮಕ್ಕಳೂ ಅವನ ಮುಂದೆ ಕೂತು, ಎಲ್ಲ ಮುಗಿದು ಹತ್ತಿ ಒತ್ತಿದ ಮೇಲೆ "ಯಾವಾಗ ಚುಚ್ತೀರಾ?" ಅಂತ ಕೇಳಿದ್ದುಂಟು. ಅದನ್ನವನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೇಳಿಕೊಳ್ಳಲಿ ಬಿಡಿ, ಅವನಿಗಿದ್ದ ಆಸ್ತಿ ಅದೊಂದೇ. ಈಗ ಯಾರಾದರೂ ಹೂಗೈ ಅಂದರೆ ಅವನು ತಿರುಗಿ ನೋಡುವುದಿಲ್ಲ. ಕೇಳಿಸದವನಂತೆ ಕೈಗವಸು ಎಳೆದುಕೊಳ್ಳುತ್ತಾನೆ. ಯಾಕೆ ಹಾಗೆ ಅಂತ ಹೊಸಬರು ಕೇಳುತ್ತಾರೆ, ಅದಕ್ಕೇ ಇದನ್ನು ಹೇಳಬೇಕಾಗಿ ಬಂತು.

ಕೈಯಷ್ಟೇ ಅಲ್ಲ, ಅವನ ಬಾಯಿಯೂ ಹಾಗೆಯೇ. ಕೆಟ್ಟ ಸುದ್ದಿ ಹೇಳುವುದೆಂದರೆ ಅವನಿಗೆ ಚಳಿಜ್ವರ. ಪಕ್ಕದ ಮನೆಯವರ ರಿಪೋರ್ಟಿನಲ್ಲಿ ಸಕ್ಕರೆ ಏರಿದ್ದರೆ ಮೊದಲು ಮಕ್ಕಳ ಓದು ವಿಚಾರಿಸಿ, ನಲ್ಲಿಯಲ್ಲಿ ನೀರು ಬಂತಾ ಅಂತ ಕೇಳಿ, ಆಮೇಲೆ ಗೋಡೆ ನೋಡುತ್ತಾ "ಸ್ವಲ್ಪ ಸಿಹಿ ಕಡಿಮೆ ಮಾಡಿದ್ರೆ ಒಳ್ಳೇದೇನೋ" ಅನ್ನುತ್ತಿದ್ದ. ಕೇಳಿದವರಿಗೆ ರೋಗ ಇದೆಯೋ ಇಲ್ಲವೋ ತಿಳಿಯುತ್ತಲೇ ಇರಲಿಲ್ಲ. "ಅಡ್ಡಗೋಡೆ ಮೇಲೆ ದೀಪ ಇಡೋದು ಯಾವಾಗ ಬಿಡ್ತೀಯೋ?" ಅಂತ ಅಕ್ಕ ಬೈಯುತ್ತಿದ್ದಳು. ಅವನನ್ನು ಸಾಕಿದವಳೇ ಈ ಅಕ್ಕ. ತಾಯಿ ಬೇಗ ತೀರಿಕೊಂಡಳು, ಅಕ್ಕ ಗಂಡನ ಮನೆಗೂ ತಮ್ಮನನ್ನು ಕಂಕುಳಲ್ಲಿಟ್ಟುಕೊಂಡೇ ಹೋದಳು. ಗಂಡನೂ ಹೋದ ಮೇಲೆ ಅಕ್ಕ, ಅವಳ ಮಗಳು ಪುಟ್ಟಿ, ಇವನು, ಮೂವರದೇ ಒಂದು ಮನೆ.

ಪುಟ್ಟಿಗೆ ಹುಟ್ಟಿನಿಂದಲೇ ಉಬ್ಬಸ. ಗಾಳಿ ತಣ್ಣಗಾದರೆ ಸಾಕು, ಎದೆಯೊಳಗೆ ಯಾರೋ ಸೀಟಿ ಊದಿದಂತೆ ಸದ್ದು. ಆಗೆಲ್ಲ ಅವಳನ್ನು ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವನು ಇವನೇ. "ಮಾಮ, ಉಸಿರು ಸಿಗ್ತಿಲ್ಲ" ಅಂತ ಕಿವಿಯ ಹತ್ತಿರ ಬರುತ್ತಿದ್ದ ಆ ಸಣ್ಣ ದನಿಯನ್ನು ಅವನು ಮರೆತವನಲ್ಲ. ಆ ಪುಟ್ಟಿ ದೊಡ್ಡವಳಾಗಿ, ಕಡಲಾಚೆಯ ದೇಶದಲ್ಲಿ ಲಾರಿ ಓಡಿಸುವವನನ್ನು ಮದುವೆಯಾಗಿ ಅಲ್ಲಿಗೆ ಹೋದಳು. ಸೋಂಕಿನ ಕಾಲದಲ್ಲೇ ಬಸುರಿಯಾದಳು. ಅಲ್ಲಿನ ಡಾಕ್ಟರು ಬಾಯಿಬಿಟ್ಟು ಹೇಳಿದ್ದರಂತೆ: ಈ ಎದೆಗೆ, ಈ ಹೊಟ್ಟೆಯ ಜೊತೆಗೆ, ಈ ಸೋಂಕು ಮಾತ್ರ ತಗಲಕೂಡದು. ಅವಳು ಬಾಗಿಲು ಹಾಕಿಕೊಂಡು ಮನೆಯೊಳಗೇ ಕೂತಳು. ಗಂಡನೂ ಲಾರಿಯಿಂದ ಇಳಿದು ಬಂದರೆ ಬೇರೆ ಕೋಣೆಯಲ್ಲಿ ಮಲಗುತ್ತಿದ್ದ. "ಅಮ್ಮ ಒಬ್ಬಳು ಬಂದ್ರೆ ಸಾಕು" ಅಂತ ಫೋನಿನಲ್ಲಿ ಅಳುತ್ತಿದ್ದಳು.

ಅಕ್ಕನೋ, ರೆಕ್ಕೆ ಇದ್ದಿದ್ದರೆ ಅವತ್ತೇ ಹಾರಿಬಿಡುತ್ತಿದ್ದಳು. ಆದರೆ ಆ ದೇಶದ ನಿಯಮಗಳಿವೆಯಲ್ಲ, ಊಸರವಳ್ಳಿಯೇ ಅವನ್ನು ನೋಡಿ ನಾಚಬೇಕು. ಮೊದಲು ಹೊರಗಿನವರು ಯಾರೂ ಬರಕೂಡದು ಅಂದರು. ಆಮೇಲೆ ಹೆರಿಗೆಗೆ ತಾಯಿ ಬರಬಹುದು ಅಂದರು. ಅಕ್ಕ ಸೂಟ್‌ಕೇಸ್ ಕಟ್ಟಿದಳು. ಅಷ್ಟರಲ್ಲಿ ಅವಳು ಹಾಕಿಸಿಕೊಂಡ ಲಸಿಕೆ ಅವರಿಗೆ ಒಪ್ಪಿಗೆಯಿಲ್ಲ ಅಂತ ಬಂತು. ಸೂಟ್‌ಕೇಸ್ ಬಿಚ್ಚಿದಳು. ಲಸಿಕೆ ಒಪ್ಪಿದರು, ನಡುವೆ ವಿಮಾನ ಬದಲಿಸುವ ದೇಶ ಬಾಗಿಲು ಹಾಕಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಆ ದೇಶ ಬಾಗಿಲು ತೆರೆಯಿತು, ಇಳಿದ ಮೇಲೆ ಹೋಟೆಲಿನಲ್ಲಿ ಒಬ್ಬರೇ ಇರಬೇಕು ಅಂತ ಪುಟ್ಟಿಯ ದೇಶದವರು ಹೊಸ ಕೊಕ್ಕೆ ಹಾಕಿದರು. ಕೊನೆಗೆ ಹೋಟೆಲ್ ಬೇಡ, ಹೊರಡುವ ಮುಂಚೆ ಒಂದು ಟೆಸ್ಟ್, ಇಳಿದ ಕೂಡಲೇ ಇನ್ನೊಂದು ಟೆಸ್ಟ್, ಎರಡೂ ನೆಗೆಟಿವ್ ಇದ್ದರೆ ಸೀದಾ ಮನೆಗೆ ಹೋಗಬಹುದು ಅಂತಾಯಿತು. ಮಗುವಿಗೆಂದು ಅಕ್ಕ ಹೆಣೆದ ಉಣ್ಣೆಯ ಟೋಪಿ ಸೂಟ್‌ಕೇಸಿನೊಳಗೆ ಹೋಗಿ ಬಂದು, ಹೋಗಿ ಬಂದು, ಮಗು ಹುಟ್ಟುವ ಮೊದಲೇ ಹಳೆಯದಾಗಿತ್ತು.

ಈಗ ಲ್ಯಾಬಿನ ಮಾತು ಹೇಳಬೇಕು. ಸೋಂಕು ಬಂದ ಮೇಲೆ ಹೂಗೈಯನ್ನು ರಕ್ತದಿಂದ ಮೂಗಿಗೆ ಹಾಕಿದ್ದರು. ಓಣಿಯ ತುದಿಯಲ್ಲಿ ಒಂದು ಪ್ಲಾಸ್ಟಿಕ್ ಪರದೆ, ಒಂದು ಕುರ್ಚಿ, ಉದ್ದ ಕಡ್ಡಿಗಳ ಡಬ್ಬ, ಗುಲಾಬಿ ಬಣ್ಣದ ದ್ರವದ ಸಣ್ಣ ಟ್ಯೂಬುಗಳು. ಲ್ಯಾಬ್ ನಡೆಸುವ ಡಾಕ್ಟರಮ್ಮ ತಾನೇ ನಿಂತು ಕಲಿಸಿದ್ದಳು: ಕಡ್ಡಿ ಮೂಗಿನ ಹಿಂದಿನ ಗೋಡೆಗೆ ತಾಗಬೇಕು, ಅಲ್ಲಿ ತಿರುಗಿಸಬೇಕು, ಸ್ವಲ್ಪ ಹೊತ್ತು ಹಿಡಿದಿರಬೇಕು. ಮೊದಮೊದಲು ಅವನು ಹಾಗೆಯೇ ಮಾಡಿದ. ಜನರ ಕಣ್ಣಲ್ಲಿ ನೀರು, ಬಾಯಲ್ಲಿ ಬೈಗುಳ. ದಪ್ಪನೆಯ ಒಬ್ಬ ಮನುಷ್ಯ ಅವನ ಕೈಯನ್ನು ತಳ್ಳಿ "ಕಟುಕನೇನಯ್ಯಾ ನೀನು?" ಅಂದುಬಿಟ್ಟ. ಅಲ್ಲ ಸ್ವಾಮಿ, ಹೂಗೈಗೆ ಕಟುಕ ಅನ್ನುವುದೇ! ಅವತ್ತು ಅವನು ಊಟ ಮಾಡಲಿಲ್ಲ. ಅಂದಿನಿಂದ ಕಡ್ಡಿ ಒಂದೊಂದೇ ಕೂದಲೆಳೆಯಷ್ಟು ಹಿಂದೆ ಸರಿಯತೊಡಗಿತು. ಮೂಗಿನ ಬಾಗಿಲಲ್ಲೇ ಎರಡು ಸುತ್ತು ಸುತ್ತಿಸಿ ತೆಗೆದುಬಿಡುತ್ತಿದ್ದ. ಜನ ಕಣ್ಣರಳಿಸಿ "ಅಷ್ಟೇನಾ?" ಅನ್ನುತ್ತಿದ್ದರು. ಅವನ ಹಳೆಯ ಹೆಸರು ಅವನಿಗೆ ವಾಪಸ್ ಸಿಕ್ಕಿತು.

ವಿದೇಶಕ್ಕೆ ಹೋಗುವವರು ಊರ ಆಚೆಯಿಂದಲೂ ಹುಡುಕಿಕೊಂಡು ಬರತೊಡಗಿದರು. ನೋವಿಲ್ಲ, ಮೇಲಾಗಿ ಅಲ್ಲಿ ಹೆಚ್ಚು ನೆಗೆಟಿವ್ವೇ ಬರುತ್ತೆ ಅಂತ ಮಾತು. ಇದು ಹೊಗಳಿಕೆಯಲ್ಲ ಅಂತ ಇನ್ನೊಬ್ಬರಾದರೆ ಬೆಚ್ಚಿಬೀಳುತ್ತಿದ್ದರು. ಇವನು ಉಬ್ಬಿಹೋದ. ಡಾಕ್ಟರಮ್ಮನಿಗೆ ಮಾತ್ರ ಅನುಮಾನ ಬಂದಿತ್ತು.

"ಹೂಗೈ, ಹೂವಿನಂಥ ಕೈ ರಕ್ತಕ್ಕೆ ಸರಿ. ಮೂಗಿಗೆ ಅದು ನಡೆಯಲ್ಲ. ಆಳಕ್ಕೆ ಹಾಕ್ತಿದ್ದೀಯ ತಾನೇ?"

"ಹಾಕ್ತಿದ್ದೀನಿ ಮೇಡಂ" ಅಂದ. ಅದು ಸುಳ್ಳು ಅಂತಲೂ ಅವನಿಗೆ ಅನ್ನಿಸಲಿಲ್ಲ. ಅಷ್ಟು ದಿನದಲ್ಲಿ ಅವನ ಕೈಗೆ ಅದೇ ಆಳವಾಗಿಬಿಟ್ಟಿತ್ತು.

ಪ್ರಯಾಣ ನಾಡಿದ್ದು ಅನ್ನುವಾಗ ಟಿಕೆಟ್ ಅಂಗಡಿಯವನು, ಎಲ್ಲರ ಬಾಯಲ್ಲಿ ಟಿಕೆಟಪ್ಪ, ಮನೆಗೇ ಓಡಿಬಂದ. ಅವನು ಬಂದರೆ ಹೊಸ ನಿಯಮ ಅಂತಲೇ ಲೆಕ್ಕ. ಅಕ್ಕ ಅವನ ಮುಖ ನೋಡಿ ಸೂಟ್‌ಕೇಸಿನ ಜಿಪ್ಪಿಗೆ ಕೈ ಹಾಕಿದಳು.

"ಬಿಚ್ಚಬೇಡಿ ಅಕ್ಕಾ, ಈ ಸಲ ಒಳ್ಳೇ ಸುದ್ದಿ! ಇಳಿದ ಮೇಲೆ ಟೆಸ್ಟ್ ಮಾಡೋದನ್ನ ತೆಗೆದುಬಿಟ್ರು. ಇಲ್ಲಿಂದ ನೆಗೆಟಿವ್ ತಗೊಂಡು ಹೋದ್ರೆ ಮುಗೀತು. ಸೀದಾ ಮಗಳ ಮನೆ!"

ಅಕ್ಕ ಅವನಿಗೆ ಕೈ ಮುಗಿದೇಬಿಟ್ಟಳು. ಮುಗಿಯುತ್ತಾ ಒಂದು ಸಲ ಕೆಮ್ಮಿದಳು. "ಅಟ್ಟದ ಧೂಳು" ಅಂದಳು. ಸೂಟ್‌ಕೇಸ್ ಅಟ್ಟದಿಂದ ಇಳಿಸಿ ಎಷ್ಟೋ ದಿನವಾಗಿತ್ತು. ಹೂಗೈಗೆ ಅದು ಗೊತ್ತಿತ್ತು, ಇಳಿಸಿದವನೇ ಅವನು.

ಮಾರನೆಯ ಬೆಳಿಗ್ಗೆ ಅಕ್ಕ ಪರದೆಯ ಹಿಂದಿನ ಕುರ್ಚಿಯಲ್ಲಿ ಕೂತಳು. ಮುಖಕವಚ ಇಳಿಸಿ ಕಣ್ಣು ಗಟ್ಟಿಯಾಗಿ ಮುಚ್ಚಿ, ಕುರ್ಚಿಯ ಕೈ ಹಿಡಿದಳು. ಗಂಟಲು ಸರಿಮಾಡಿಕೊಂಡಳು. ಅವನ ಕೈ ಒಂದು ಗಳಿಗೆ ನಿಂತಿತು. ಪಾಸಿಟಿವ್ ಬಂದರೆ? ಟಿಕೆಟ್ ಹೋಗುತ್ತದೆ, ಪುಟ್ಟಿಯ ದಿನ ತುಂಬುತ್ತದೆ, ಅಷ್ಟರಲ್ಲಿ ನಿಯಮ ಮತ್ತೆ ಬದಲಾಗುತ್ತದೆ, ಈ ಅಕ್ಕ ಅತ್ತು ಅತ್ತು ಸಾಯುತ್ತಾಳೆ. ಹೀಗೆಲ್ಲ ಅವನು ಯೋಚಿಸಿದನೋ, ಅಥವಾ ಕೈಯೇ ಯೋಚಿಸಿತೋ. ಕಡ್ಡಿ ಮೂಗಿನ ಬಾಗಿಲು ಮುಟ್ಟಿತು, ಸವರಿತು, ಹೊರಗೆ ಬಂತು. ಬೇರೆಯವರಿಗೆ ಮಾಡುವುದಕ್ಕಿಂತ ಇನ್ನೂ ಮೆತ್ತಗೆ.

"ಶುರು ಮಾಡೋ" ಅಂದಳು ಅಕ್ಕ, ಕಣ್ಣು ಮುಚ್ಚಿಕೊಂಡೇ.

"ಮುಗೀತು ಅಕ್ಕಾ."

ಅವಳು ಕಣ್ಣು ತೆರೆದು ನಕ್ಕಳು. ಅವನೂ ನಕ್ಕ. ಸಂಜೆ ನೆಗೆಟಿವ್ ಬಂತು. ಮರುದಿನ ಬೆಳಿಗ್ಗೆ ವಿಮಾನ ನಿಲ್ದಾಣದ ಗಾಜಿನಾಚೆಯಿಂದ ಅಕ್ಕ ಕೈ ಬೀಸಿದಳು. ಇನ್ನೊಂದು ಕೈಯಿಂದ ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡ. ಅಳುತ್ತಲೂ ಇದ್ದಳೇನೋ.

ಅದರ ಮರುದಿನ ಲ್ಯಾಬಿಗೆ ಬಂದು ಅವನು ಎಂದಿನಂತೆ ಮೇಜು ಒರೆಸಲು ಸ್ಪಿರಿಟ್ ಬಾಟಲಿಯ ಮುಚ್ಚಳ ತೆಗೆದ. ಹತ್ತಿಗೆ ಸುರಿದ. ಒರೆಸಿದ. ಏನೋ ಕಡಿಮೆಯಾಗಿದೆ ಅನ್ನಿಸಿತು. ಬಾಟಲಿಯನ್ನು ಮೂಗಿನ ಹತ್ತಿರ ತಂದ. ನೀರು ತುಂಬಿಟ್ಟರೇ ಯಾರಾದರೂ? ನೆಲ ತೊಳೆಯುವ ಹೆಂಗಸನ್ನು ಕರೆದು ಮೂಸಲು ಹೇಳಿದ. ಅವಳು ಮುಖ ಸಿಂಡರಿಸಿ "ಥೂ, ಮೂಗು ಸುಟ್ಟೋಯ್ತಲ್ಲಣ್ಣಾ!" ಅಂದಳು. ಅವನು ಇನ್ನೊಮ್ಮೆ ಮೂಸಿದ. ಇಷ್ಟು ವರ್ಷ ಅವನ ಬಟ್ಟೆ, ಬೆರಳು, ಅನ್ನದ ತುತ್ತು ಎಲ್ಲದರಲ್ಲೂ ಇದ್ದ ವಾಸನೆ ಎಲ್ಲೂ ಇರಲಿಲ್ಲ. ವಾಸನೆ ಹೋಗುವುದು ಸೋಂಕಿನ ಗುರುತು ಅಂತ ಅವನಿಗೆ ಗೊತ್ತಿತ್ತು, ಡಾಕ್ಟರಮ್ಮನ ಹತ್ತಿರ ಓಡಿದ.

ಡಾಕ್ಟರಮ್ಮ ಅವನನ್ನು ಅದೇ ಕುರ್ಚಿಯಲ್ಲಿ ಕೂರಿಸಿದಳು. ಕಡ್ಡಿ ಒಳಗೆ ಹೋಯಿತು, ಇನ್ನೂ ಹೋಯಿತು, ಮಿದುಳಿಗೇ ಮುಟ್ಟಿತೇನೋ ಅನ್ನುವಷ್ಟು ಹೋಗಿ ಅಲ್ಲಿ ತಿರುಗಿತು. ಅವನ ಕಣ್ಣಿಂದ ನೀರು ದಳದಳ ಇಳಿಯಿತು. ಇದು ಹೀಗಿರುತ್ತದೆ ಅನ್ನುವುದೇ ಅವನಿಗೆ ಮರೆತುಹೋಗಿತ್ತು. ಬೇಗ ಫಲಿತಾಂಶ ಕೊಡುವ ಟೆಸ್ಟ್ ಪಟ್ಟಿಯಲ್ಲಿ ಪಾಸಿಟಿವ್ ಅನ್ನುವ ಎರಡನೆಯ ಗೆರೆ ತಡಮಾಡದೆ ಮೂಡಿತು.

"ನಿಮ್ಮಕ್ಕ ನಿನ್ನೆ ಹೊರಟರಲ್ವಾ?"

"ಅವಳದು ನೆಗೆಟಿವ್ ಇತ್ತು ಮೇಡಂ."

ಡಾಕ್ಟರಮ್ಮ ಕೈಗವಸು ಕಳಚುತ್ತಾ ಕೇಳಿದಳು, "ತೆಗೆದದ್ದು ಯಾರು?"

ಅವನು ಕಡ್ಡಿಗಳ ಡಬ್ಬದ ಕಡೆ ನೋಡಿದ. ಅವಳೇ ಹೇಳಿದಳು, "ಮೊದಲು ಅಲ್ಲಿಗೆ ಫೋನ್ ಮಾಡು. ಈಗಲೇ."

ಈಗಲೇ ಮಾಡಿದನೇ? ಮಾಡಿದ, ಅಕ್ಕನಿಗೆ. ನಡುವೆ ವಿಮಾನ ಬದಲಿಸಿ ಅವಳು ಇನ್ನೂ ಆಕಾಶದಲ್ಲಿದ್ದಳು, ಫೋನ್ ಬಂದ್. ಪುಟ್ಟಿಗೆ ಮಾಡಬೇಕಿತ್ತು. ಮನೆಗೆ ನಡೆದುಬಂದು ಬಾಗಿಲು ಹಾಕಿಕೊಂಡು ಹಾಸಿಗೆಯ ತುದಿಯಲ್ಲಿ ಕೂತ. ತನಗೆ ಲ್ಯಾಬಿನಲ್ಲೇ ಅಂಟಿರಬಹುದು, ಅಕ್ಕನಿಗೆ ಇಲ್ಲದೇ ಇರಬಹುದು. ಬಸುರಿ ಹುಡುಗಿ, ಸುಮ್ಮನೆ ಹೆದರಿಸಿ ಹೆಚ್ಚುಕಮ್ಮಿಯಾದರೆ? ಅಲ್ಲಿ ಇಳಿದ ಮೇಲೆ ಅವರೇ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುತ್ತಾರಲ್ಲವೇ? ಟಿಕೆಟಪ್ಪನಿಗೆ ಫೋನ್ ಮಾಡಿದ.

"ಅಲ್ಲಿ ಇಳಿದವರ ಮೂಗು ಯಾರೂ ನೋಡೋದೇ ಇಲ್ವಾ? ಒಬ್ಬರೂ?"

"ಇಲ್ಲ ಸಾರ್, ತೆಗೆದೇಬಿಟ್ರಲ್ಲ! ನೀವು ಆರಾಮಾಗಿರಿ. ಯಾರೂ ತಡೆಯಲ್ಲ ಅವರನ್ನ."

ಇಷ್ಟು ದಿನ ಆ ನಿಯಮಗಳಿಗೆ ಹಿಡಿಶಾಪ ಹಾಕಿದವನು ಇವನೇ. ಈಗ ಒಂದೇ ಒಂದು ನಿಯಮ, ಒಬ್ಬನೇ ಒಬ್ಬ ಕಟುಕ, ಅಕ್ಕನನ್ನು ಆ ಬಾಗಿಲಲ್ಲಿ ತಡೆದು ಕೂರಿಸಲಿ ಅಂತ ಅವನು ಬೇಡಿಕೊಂಡ. ಹೊತ್ತು ಏರುತ್ತಿತ್ತು. ಪುಟ್ಟಿಯ ಗಂಡನಿಗೆ ಮಾಡಿದ, ಎತ್ತಲಿಲ್ಲ. ಅಕ್ಕನನ್ನು ಕರೆತರಲು ಗಾಡಿ ಓಡಿಸುತ್ತಿದ್ದಾನೆ, ಅಂದರೆ ಅವಳು ಇಳಿದಾಗಿದೆ. ಅಕ್ಕನಿಗೆ ಇನ್ನೊಮ್ಮೆ ಮಾಡಿದ, ಆ ಫೋನ್ ಇನ್ನೂ ಬಂದ್. ಪುಟ್ಟಿಗೆ ಮಾಡಿದ.

"ಮಾಮ!" ಒಂದೇ ರಿಂಗಿಗೆ ಎತ್ತಿದಳು. ಆ ದನಿಯಲ್ಲಿದ್ದ ಖುಷಿ ಕೇಳಿ ಅವನ ಮಾತು ಹಳೆಯ ಸುತ್ತುದಾರಿ ಹಿಡಿಯಿತು.

"ಹೇಗಿದ್ದೀಯ ಪುಟ್ಟಿ? ಊಟ ಆಯ್ತಾ?"

"ಅಮ್ಮ ಬರಲಿ ಅಂತ ಕಾಯ್ತಿದ್ದೀನಿ. ಬೀದಿ ತಿರುವಿಗೆ ಬಂದ್ರಂತೆ, ಅಮ್ಮ ಇವರ ಫೋನಿಂದ ಈಗ ತಾನೇ ಮಾಡಿದ್ಲು."

"ಹೌದಾ... ಒಳ್ಳೇದಾಯ್ತು. ಅಲ್ಲಿ ಚಳಿನಾ? ಎದೆ ಹೇಗಿದೆ?"

"ಚೆನ್ನಾಗಿದೆ ಮಾಮ. ಯಾಕೆ, ನಿಮ್ಮ ದನಿ ಒಂಥರಾ ಇದೆ?"

"ಏನಿಲ್ಲ, ಏನಿಲ್ಲ. ನೀನು ಗಾಬರಿ ಆಗಬಾರದು. ನೋಡು, ಈಗಿನ ಕಾಲ ಹೇಗೆ ಅಂದ್ರೆ... ಯಾರೇ ಬಂದ್ರೂ ಸ್ವಲ್ಪ ದೂರ ಇದ್ರೆ ಒಳ್ಳೇದೇನೋ..."

ಅಯ್ಯೋ ಪುಣ್ಯಾತ್ಮ! ಬಾಗಿಲು ತೆಗೆಯಬೇಡ ಅನ್ನಲು ಎಷ್ಟು ಮಾತು ಬೇಕು? ಅಷ್ಟರಲ್ಲಿ ಫೋನಿನೊಳಗೆ ಬಾಗಿಲ ಗಂಟೆ ಕೇಳಿಸಿತು. "ಬಂದ್ಲು ಮಾಮ!" ಅಂದಳು ಪುಟ್ಟಿ. ಫೋನ್ ಮೇಜಿನ ಮೇಲೆ ಬಿದ್ದ ಸದ್ದು. ಚಪ್ಪಲಿಯ ಸದ್ದು. ಚಿಲಕದ ಸದ್ದು. ಆಮೇಲೆ ಇಬ್ಬರು ಹೆಂಗಸರ ಅಳು, ಒಂದರೊಳಗೊಂದು ಸೇರಿಹೋಗಿ, ಯಾರದು ಯಾವುದು ಅಂತ ತಿಳಿಯದ ಹಾಗೆ. ಅದು ನಡೆಯುತ್ತಲೇ ಇತ್ತು. ಆ ಅಳುವಿನ ನಡುವೆ ಕೆಮ್ಮು, ಮತ್ತೊಂದು ಕೆಮ್ಮು. ಧೂಳಿನದಲ್ಲ. ದಿನವಿಡೀ ಕೆಮ್ಮು ಕೇಳುವವನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಅಕ್ಕನೇ ಫೋನ್ ಎತ್ತಿಕೊಂಡಳು. "ಬಂದು ಸೇರಿದೆ ಕಣೋ! ಎಲ್ಲ ನಿನ್ನ ಕೈಗುಣ. ಎಷ್ಟೋ ಜನ ಮೂಗು ಹಿಡ್ಕೊಂಡು ಗೋಳಾಡ್ತಿದ್ರು ವಿಮಾನದಲ್ಲಿ. ನನ್ನ ತಮ್ಮ ಮಾಡಿದ್ದು ನನಗೆ ಗೊತ್ತೇ ಆಗಲಿಲ್ಲ ಅಂದೆ."

"ದೂರ ಹೋಗು ಅಕ್ಕಾ!" ಹೂಗೈ ಚೀರಿದ. ಹುಟ್ಟಿದಾಗಿನಿಂದ ಅವನು ಯಾರ ಮೇಲೂ ಹಾಗೆ ಚೀರಿರಲಿಲ್ಲ. "ಅವಳನ್ನ ಮುಟ್ಟಬೇಡ! ಬೇರೆ ಕೋಣೆಗೆ ಹೋಗು, ಬಾಗಿಲು ಹಾಕ್ಕೋ! ನಾನು ನಿನ್ನ ಮೂಗಿನೊಳಗೆ ಕಡ್ಡಿ ಹಾಕೇ ಇಲ್ಲ. ನನಗೆ ಬಂದಿದೆ, ನಿನಗೂ ಬಂದಿದೆ!"

ಅಕ್ಕ "ಯಾಕೋ ಹಾಗೆ ಮಾಡ್ದೆ?" ಅಂತ ಕೇಳಿದಳು. ಬೈಯಲಿಲ್ಲ, ಕೇಳಿದಳು ಅಷ್ಟೇ. ಆಮೇಲೆ ಅವಳ ಹೆಜ್ಜೆಗಳು, ದೂರದಲ್ಲೆಲ್ಲೋ ಒಂದು ಬಾಗಿಲು ಮುಚ್ಚಿದ್ದು. ಸೂಟ್‌ಕೇಸ್ ಎಳೆದುಕೊಂಡು ಹೋದ ಸದ್ದು ಕೇಳಲಿಲ್ಲ, ಅದು ಹೊಸ್ತಿಲಲ್ಲೇ ಉಳಿದಿರಬೇಕು.

ಫೋನಿಗೆ ಪುಟ್ಟಿ ಬಂದಳು. ಅವಳ ಉಸಿರು ಕೇಳುತ್ತಿತ್ತು. ಇನ್ನೂ ಸೀಟಿ ಇರಲಿಲ್ಲ.

"ಮಾಮ, ನಾನು ಅಮ್ಮನ ಕುತ್ತಿಗೆಗೆ ಮುಖ ಒತ್ತಿ ಅತ್ತುಬಿಟ್ಟೆನಲ್ಲ" ಅಂದಳು ಸಣ್ಣ ದನಿಯಲ್ಲಿ. "ಈಗ ಏನು ಮಾಡ್ಲಿ?"

ಹಿಂದೆ ಆ ದನಿ ಕೇಳಿದಾಗಲೆಲ್ಲ ಅವಳನ್ನು ಹೆಗಲಿಗೆ ಹಾಕಿಕೊಂಡು ಓಡಿದವನು ಅವನು. ಅವನು ಎದ್ದು ನಿಂತ. ಬಾಗಿಲವರೆಗೆ ಹೋದ. ಕಿವಿಗೆ ಫೋನ್ ಒತ್ತಿಕೊಂಡು ಅಲ್ಲೇ ನಿಂತುಕೊಂಡ.