ಕುಣಿಗಲ್ ಬಸ್ಸಿನಿಂದ ಇಳಿಸಿದವರು

ಸೋಪು, ಸ್ಪಿರಿಟ್ ಹಚ್ಚಿ ಹಚ್ಚಿ ನಮ್ಮ ಮೈಕ್ರೋಬಯಾಲಜಿ ಮೇಡಂ ಬೆರಳ ತುದಿಗಳು ಬೆಳ್ಳಗೆ ಸುಲಿದಿರುತ್ತಿದ್ದವು. ಯಾವುದು ಬೆರಳು, ಯಾವುದು ಸೀಮೆಸುಣ್ಣ ಎಂದು ಹಿಂದಿನ ಬೆಂಚಿನಲ್ಲಿ ಕೂತು ನಾವು ಕಿಸಕ್ಕೆನ್ನುತ್ತಿದ್ದೆವು. ಗುಬ್ಬಿಯಿಂದ ತುಮಕೂರಿಗೆ ಬರುವ ಬಸ್ಸಿನಲ್ಲಿ ಕಂಬಿ ಹಿಡಿಯಲೂ ಅವರಿಗೆ ಕರ್ಚೀಫು ಬೇಕಿತ್ತು.

ನಮ್ಮ ನಗು ನಿಂತದ್ದು ಮೊದಲ ಪ್ರಾಕ್ಟಿಕಲ್ ದಿನ. ಹಲ್ಲಿನ ಕೊಳೆ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಲು ಹೇಳಿದರು. ಮುನ್ನೂರು ವರ್ಷಗಳ ಹಿಂದೆ ಹಾಲೆಂಡಿನ ಬಟ್ಟೆ ವ್ಯಾಪಾರಿಯೊಬ್ಬ ತಾನೇ ಮಸೂರ ಉಜ್ಜಿಕೊಂಡು ಇದನ್ನೇ ನೋಡಿದ್ದನಂತೆ. ನನ್ನ ಬಾಯೊಳಗಿನ ಜೀವಗಳು ಮಿಸುಕಾಡುವುದನ್ನು ಕಂಡ ಮೇಲೆ ಅಂದು ಗಂಟಲಲ್ಲಿ ಮುದ್ದೆ ಇಳಿಯಲಿಲ್ಲ.

ಇನ್ನೊಂದು ಕಥೆ ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಕ್ರಿಮಿಗಳಿಂದ ರೋಗ ಬರುತ್ತದೆಂದು ಇನ್ನೂ ತಿಳಿಯದ ಕಾಲ. ಹೆಣ ಕೊಯ್ದ ಕೈಯಲ್ಲೇ ಹೆರಿಗೆ ಮಾಡಿಸುತ್ತಿದ್ದವರಿಗೆ, ಕೈ ತೊಳೆದುಕೊಳ್ಳಿ ಎಂದು ಒಬ್ಬ ಡಾಕ್ಟರು ಅಂಗಲಾಚಿದ. ತೊಳೆದ ವಾರ್ಡಿನಲ್ಲಿ ಬಾಣಂತಿಯರು ಬದುಕಿದರು. ಆದರೂ ಅವನನ್ನು ನಂಬಲಿಲ್ಲ, ಕಡೆಗೆ ಹುಚ್ಚಾಸ್ಪತ್ರೆಗೆ ಸೇರಿಸಿದರು. "ಕಣ್ಣಿಗೆ ಕಾಣದ್ದನ್ನ ನಂಬ್ಸೋದು ಕಷ್ಟ ಕಣ್ರೇ" ಎನ್ನುತ್ತಿದ್ದರು ಮೇಡಂ.

ತೊಂಬತ್ತರ ದಶಕದ ನಡುವೆ ಒಂದು ಆಯುಧಪೂಜೆ. ಲ್ಯಾಬಿನ ಮೈಕ್ರೋಸ್ಕೋಪುಗಳಿಗೆಲ್ಲ ಕುಂಕುಮವಿಟ್ಟು ಚೆಂಡುಹೂ ಮುಡಿಸಿದ್ದೆವು. ಕೋಸಂಬರಿ ಹಳಸೀತೆಂದು ಅಟೆಂಡರ್ ಪಾತ್ರೆಯನ್ನು ಲ್ಯಾಬಿನ ಫ್ರಿಜ್ಜಿನಲ್ಲೇ ಇಟ್ಟಿದ್ದ. ಪೂಜೆ ಮುಗಿದದ್ದೇ ತಡ, ಎಲ್ಲರೂ ತಿಂದೆವು. ನಾನಂತೂ ಕೇಳಿ ಕೇಳಿ ಹಾಕಿಸಿಕೊಂಡೆ. ತಡವಾಗಿ ಬಂದ ಮೇಡಂ ಫ್ರಿಜ್ ತೆರೆದವರು ಹಾಗೇ ನಿಂತುಬಿಟ್ಟರು. ಟೈಫಾಯ್ಡ್ ಕ್ರಿಮಿ ಬೆಳೆಸಿದ್ದ ಕೊಳವೆ ವಾಲಿ, ಹತ್ತಿಯ ಬಿರಡೆ ಕಳಚಿ, ಪಾತ್ರೆ ಇದ್ದ ಜಾಗಕ್ಕೇ ತೊಟ್ಟಿಕ್ಕಿತ್ತು.

ಮೇಡಂ ಮುಚ್ಚಿಡಲಿಲ್ಲ. ಎಲ್ಲ ಹೇಳಿ, ನಮ್ಮನ್ನು ಡಾಕ್ಟರ ಬಳಿ ಕರೆದೊಯ್ದರು. ಜ್ವರ ಬರುವುದಿದ್ದರೆ ಒಂದೆರಡು ವಾರ ಹಿಡಿಯಬಹುದು, ಅಲ್ಲಿಯವರೆಗೆ ಯಾರ ಊಟವನ್ನೂ ಮುಟ್ಟಬೇಡಿ ಎಂದರು ಡಾಕ್ಟರು. ನನಗೆ ಅಮ್ಮ ಬೇಕೆನ್ನಿಸಿತು. ಹಾಸ್ಟೆಲಿನಿಂದ ಬ್ಯಾಗು ತಂದವಳೇ ಕುಣಿಗಲ್ ಬಸ್ ಹತ್ತಿ ಕೂತೆ. ಕೊತ್ತಗೆರೆ ಹತ್ತಿರದ ನಮ್ಮ ಮನೆಯಲ್ಲಿ ಅಕ್ಕ ಬಾಣಂತಿ. ಊರಿಗೆ ಹೋದಾಗಲೆಲ್ಲ ಕೂಸಿಗೆ ಬಜೆ ತೇಯ್ದು ಬೆರಳಲ್ಲಿ ನೆಕ್ಕಿಸುವುದು ನನ್ನದೇ ಕೆಲಸ. ಅಕ್ಕನ ಹೆರಿಗೆಗೆಂದು ರಜೆ ಕೇಳಿದ್ದರಿಂದ ಮೇಡಂಗೆ ಕೂಸಿನ ವಿಷಯ ಗೊತ್ತಿತ್ತು.

ನಾನು ಊರಿಗೆ ಹೊರಟೆನೆಂದು ಹಾಸ್ಟೆಲಿನಲ್ಲಿ ಕೇಳಿ, ಬಸ್ಸು ಹೊರಡುವ ಹೊತ್ತಿಗೆ ಅವರು ಏದುಸಿರು ಬಿಡುತ್ತ ಹತ್ತಿ, ನನ್ನ ರಟ್ಟೆ ಹಿಡಿದರು. ನನಗೇನೂ ಆಗಿಲ್ಲ, ಬಿಡಿ ಎಂದು ಕೊಸರಾಡಿದೆ.

"ಏನಾಗುತ್ತೋ ನಂಗೂ ಗೊತ್ತಿಲ್ಲ ಕಣೇ. ನಂಗೂ ಭಯ ಆಗ್ತಿದೆ. ಆದ್ರೆ ಆ ಕೂಸು ತಡ್ಕೊಳ್ಳಲ್ಲ. ನಮ್ಮನೆಗೆ ಬಾ."

ಗುಬ್ಬಿಯವರೆಗೂ ಅಳುತ್ತ, ಮನಸ್ಸಿನಲ್ಲೇ ಅವರನ್ನು ಶಪಿಸಿದೆ. ಅವರ ಮನೆಯಲ್ಲಿ ದಿನಾ ಬೆಳಿಗ್ಗೆ ಎದ್ದ ತಕ್ಷಣ ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ತಣ್ಣಗಿದ್ದರೂ ನಂಬಿಕೆಯಿಲ್ಲ. ಎರಡನೇ ವಾರ ಮೈ ಸುಡತೊಡಗಿತು; ರಕ್ತಪರೀಕ್ಷೆಯಲ್ಲಿ ಟೈಫಾಯ್ಡ್ ಎಂದೇ ಬಂತು. ಸಾಯ್ತೀನಾ ಮೇಡಂ ಎಂದು ಕೇಳಿದೆ. ಹಣೆಯ ಒದ್ದೆಬಟ್ಟೆ ಬದಲಿಸುತ್ತ, "ಆ ಕೈ ತೊಳೀರಿ ಅಂದ ಡಾಕ್ಟರ ಕಾಲದೋರಿಗೆ ಔಷಧಿ ಇರ್ಲಿಲ್ಲ. ನಿಂಗಿದೆ" ಎಂದರು. ಹಾಗೆನ್ನುವಾಗ ಅವರ ಮುಖದಲ್ಲೂ ರಕ್ತವಿರಲಿಲ್ಲ. ಗಂಜಿ ಕುಡಿಸಿದರು, ನನ್ನ ಬಟ್ಟೆಯನ್ನು ಕುದಿಸಿ ಒಗೆದರು. ನಾನು ಉಳಿದೆ.

ಹಲವು ವರ್ಷಗಳ ಮೇಲೆ ಮೇಡಂ ಹೃದಯಾಘಾತದಿಂದ ತೀರಿಕೊಂಡರು. ಆಗ ಕೂಸಾಗಿದ್ದು ಈಗ ಹೈಸ್ಕೂಲು ಸೇರಿದ್ದ ಅಕ್ಕನ ಮಗಳನ್ನು ಗುಬ್ಬಿಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಎಲ್ಲವನ್ನೂ ಹೇಳಿದ್ದೆ. ಹೆಣದ ಕಾಲ ಬಳಿ ನಿಂತು, ಅವಳು ಮೆಲ್ಲಗೆ ಕೇಳಿದಳು:

"ಚಿಕ್ಕಮ್ಮ, ಇವ್ರು ನನ್ನ ಒಂದ್ಸಲನಾದ್ರೂ ನೋಡಿದ್ರಾ?"

ಇಲ್ಲ ಎಂದೆ.